ಮಂಗಳವಾರಕ್ಕೆ ಹತ್ತು ಎಂಎಂ

ಮುಂಬೈ ಪಕ್ಕದ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಇಪ್ಪತ್ತು ವರ್ಷ ಗೋಡೌನು ನೋಡಿಕೊಂಡ ಅಪ್ಪಾಸಾಹೇಬ ಬಿರಾದಾರರು ಜೀವಮಾನದಲ್ಲಿ ಕಾಯಿಲೆ ಬಿದ್ದವರಲ್ಲ, ಬಿದ್ದರೂ ಒಪ್ಪಿಕೊಂಡವರಲ್ಲ. ನೆಗಡಿಯಾದರೆ ಧೂಳು ಅನ್ನುವರು, ಜ್ವರ ಬಂದರೆ ಬಿಸಿಲು ಅನ್ನುವರು. ಒಮ್ಮೆ ಪಾದದ ಮೇಲೆ ಕಬ್ಬಿಣದ ಪಟ್ಟಿ ಬಿದ್ದು ಹೆಬ್ಬೆರಳು ಮುರಿದಾಗ ಹದಿನೈದು ದಿನ ಕುಂಟುತ್ತ, ಕೇಳಿದವರಿಗೆಲ್ಲ “ಬೂಟು ಬಿಗಿ ಆಗ್ಯಾವ” ಅಂದರು. ನಲವತ್ತಾರು ತುಂಬಿದ ಮೇಲಂತೂ ಎದೆ ತಟ್ಟಿಕೊಂಡು, “ಇದು ಟಿಎಂಟಿ ಐತಿ. ಬಗ್ಗತೈತಿ, ಮುರಿಯೂದಿಲ್ಲ” ಅಂತ ಪೇಟೆಗೆಲ್ಲ ಸಾರತೊಡಗಿದರು. ಟಿಎಂಟಿ ಅಂದರೆ ಕಾಂಕ್ರೀಟಿನೊಳಗೆ ಹಾಕುವ ಗಟ್ಟಿ ಸರಳು. ಆ ಪೇಟೆಯಲ್ಲಿ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇಂಥವರ ಹೆಂಡತಿ ನೀಲಗಂಗಮ್ಮ. ಇಂಡಿ ತಾಲ್ಲೂಕಿನ ಬಿಸಿಲಿನಲ್ಲಿ ಹುಟ್ಟಿ, ಕೋಪರಖೈರಣೆಯ ಮೂರನೇ ಮಾಳಿಗೆಯ ಬಿಸಿಲಿಗೆ ಮದುವೆಯಾಗಿ ಬಂದವರು. ಈ ತಾಯಿಗೆ ಲೋಕದಲ್ಲಿ ಇದ್ದದ್ದು ಒಂದೇ ಆಸೆ, ಹಿಮ ನೋಡಬೇಕು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿದ ಬಿಳಿಯದನ್ನು ಚಮಚದಿಂದ ಕೆರೆದು ಅಂಗೈಯಲ್ಲಿಟ್ಟುಕೊಂಡು, ಅದು ಕರಗುವವರೆಗೆ ನೋಡುತ್ತ ನಿಲ್ಲುವರು. ಇಪ್ಪತ್ತೆರಡು ವರ್ಷದಿಂದ ಅಪ್ಪಾಸಾಹೇಬರು “ಬರೂ ವರ್ಷ ಹೋಗೂಣು” ಅನ್ನುತ್ತ ಬಂದಿದ್ದರು. ಅಂತೂ 2013ರ ಮೇ ತಿಂಗಳಿಗೆ ಆ ಬರೂ ವರ್ಷ ಬಂದೇಬಿಟ್ಟಿತು. ಒಂದು ಮರಾಠಿ ಟೂರ್ಸಿನವರ ಹತ್ತಿರ ಸಿಮ್ಲಾ ಮನಾಲಿಗೆ ಎರಡು ಸೀಟು ಹಿಡಿದದ್ದಾಯಿತು. ಬುಧವಾರ ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಿಂದ ರೈಲು. ನೀಲಗಂಗಮ್ಮ ಹುಟ್ಟಿದ ಮೇಲೆ ಮೊದಲ ಸಲ ಕ್ಯಾನ್ವಾಸ್ ಬೂಟು ಕೊಂಡು, ಅಭ್ಯಾಸವಾಗಲೆಂದು ಅದನ್ನು ಹಾಕಿಕೊಂಡೇ ರೊಟ್ಟಿ ಬಡಿಯುತ್ತಿದ್ದರು.

ಹೊರಡಲು ಒಂಬತ್ತು ದಿನ ಇದೆ ಅನ್ನುವಾಗ, ಸೋಮವಾರ, ಪೇಟೆಯ ವ್ಯಾಪಾರಿಗಳ ಸಂಘದವರು ಒಂದು ಆರೋಗ್ಯ ಶಿಬಿರ ಇಟ್ಟರು. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಹೊಟ್ಟೆಯ ಸೋನೋಗ್ರಫಿ ಮಾಡುತ್ತಾರೆ, ಆಮೇಲೆ ಅವಲಕ್ಕಿ ಕೊಡುತ್ತಾರೆ. ಅಪ್ಪಾಸಾಹೇಬರು ಸಾಲಿನಲ್ಲಿ ನಿಂತದ್ದು ಪರೀಕ್ಷೆಗಲ್ಲ, ಪ್ರದರ್ಶನಕ್ಕೆ. ಹಿಂದೆ ಮುಂದೆ ನಿಂತ ಹುಡುಗರಿಗೆ, “ನಂದು ಮುಗೀಲಿ, ಒಳಗ ಹೆಂಗಿರಬೇಕು ಅಂಬೋದು ಡಾಕ್ಟರ್‌ಗೂ ಗೊತ್ತಾಕೈತಿ” ಅಂದರು.

ಒಳಗೆ ತರುಣ ಡಾಕ್ಟರು ತಣ್ಣನೆಯ ಲೋಳೆ ಹಚ್ಚಿ, ಬಲಪಕ್ಕೆಯ ಕೆಳಗೆ ಯಂತ್ರದ ಹಿಡಿ ಒತ್ತಿ, ತೆರೆ ನೋಡಿ, ಹಿಂದಿಯಲ್ಲಿ ನಾಲ್ಕು ಮಾತು ಹೇಳಿದ. ಪಿತ್ತಕೋಶದ ಒಳಗೋಡೆಯಲ್ಲಿ ಒಂದು ಸಣ್ಣ ಗಂಟು ಇದೆ, ಅದಕ್ಕೆ ಪಾಲಿಪ್ ಅನ್ನುತ್ತಾರೆ, ಆರು ಎಂಎಂ. ಎಷ್ಟೋ ಜನರಿಗೆ ಇರುತ್ತದೆ, ಹೆದರುವುದೇನಿಲ್ಲ. ಆರು ತಿಂಗಳಾದ ಮೇಲೆ ಮತ್ತೊಮ್ಮೆ ನೋಡಿಸಿ. ಹತ್ತು ಎಂಎಂ ಮುಟ್ಟಿದರೆ ಮಾತ್ರ ಪಿತ್ತಕೋಶ ತೆಗೆಯುವ ಮಾತು. ಈ ನಾಲ್ಕರಲ್ಲಿ ಎರಡು ಅಪ್ಪಾಸಾಹೇಬರ ಕಿವಿಯ ಹತ್ತಿರವೂ ಸುಳಿಯಲಿಲ್ಲ. ಒಳಗೆ ಇಳಿದದ್ದು ಆರು ಮತ್ತು ಹತ್ತು.

ಯಾಕೆಂದರೆ ಎಂಎಂ ಅವರ ಮನೆಮಾತು. ಆರು ಎಂಎಂ, ಎಂಟು ಎಂಎಂ, ಹತ್ತು, ಹನ್ನೆರಡು, ಹದಿನಾರು. ಅವರು ದಿನಾ ಎಣಿಸುವ ಸರಳುಗಳೆಲ್ಲ ಈ ಹೆಸರಿನವೇ. ಆರು ಎಂಎಂ ಸರಳು ಎಷ್ಟು ದಪ್ಪ ಅಂತ ಅವರಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ. ಶಿಬಿರದ ಅವಲಕ್ಕಿಯನ್ನು ಕೈಯಲ್ಲಿ ಹಿಡಿದು, ಗೋಡೌನಿಗೆ ಬಂದು, ಒಂದು ಆರು ಎಂಎಂ ತುಂಡನ್ನು ಎತ್ತಿ, ಬಲಪಕ್ಕೆಗೆ ಹಿಡಿದು ನೋಡಿ, ಅಲ್ಲೇ ಕುಸಿದು ಕೂತರು.

“ಒಂದ ಕಾಂಟಾ ನಂಬಬ್ಯಾಡ್ರಿ, ಅಪ್ಪಾಸಾಬ್ರ” ಅಂದ ಸೈದಪ್ಪ. ಇವನು ಪಕ್ಕದ ಕಾಂಟಾದಲ್ಲಿ, ಅಂದರೆ ಲಾರಿ ತೂಗುವ ಕಟ್ಟೆಯಲ್ಲಿ ಕೂರುವವನು, ಅವರ ಊರ ಕಡೆಯವನು. “ಇನ್ನೊಂದು ಕಡೆ ಮಾಡಸ್ರಿ.”

ಇದು ಆ ಪೇಟೆಯ ಕಟ್ಟುಪಾಡು. ಮಾಲು ಹೊತ್ತ ಲಾರಿಯನ್ನು ಒಂದು ಕಾಂಟಾದಲ್ಲಿ ತೂಗಿ ಬಿಡುವುದಿಲ್ಲ, ಎರಡರಲ್ಲಿ ತೂಗಬೇಕು. ಸಂಶಯ ಬಂದರೆ ಮೂರನೆಯದಕ್ಕೂ ಹೋಗಬೇಕು. ಮುಖ್ಯ ನಿಯಮವೆಂದರೆ ಮೊದಲನೆಯ ಕಾಂಟಾದ ಚೀಟಿಯನ್ನು ಎರಡನೆಯವನಿಗೆ ಅಪ್ಪಿತಪ್ಪಿಯೂ ತೋರಿಸಬಾರದು. ತೋರಿಸಿದರೆ ಅವನು ಅದನ್ನೇ ನೋಡಿ ಬರೆದುಬಿಡುತ್ತಾನೆ. ಇಪ್ಪತ್ತು ವರ್ಷ ಈ ನಿಯಮವನ್ನು ವ್ರತದಂತೆ ನಡೆಸಿದ ಅಪ್ಪಾಸಾಹೇಬರು ತಮ್ಮ ಪಿತ್ತಕೋಶಕ್ಕೆ ಮಾತ್ರ ಅದನ್ನು ಬಿಟ್ಟುಕೊಡುವವರೇ?

ಬುಧವಾರ ಮನೆಯ ಹತ್ತಿರದ ಸೋನೋಗ್ರಫಿ ಸೆಂಟರಿಗೆ ಹೋದರು. ಹೋಗುವ ಮೊದಲು ಧೈರ್ಯಕ್ಕೆಂದು ಮೂರು ರೊಟ್ಟಿ, ಎಣ್ಣೆಗಾಯಿ ಹೊಡೆದಿದ್ದರು. ಅಲ್ಲಿಯ ಹೆಣ್ಣುಮಗಳು, “ತಿಂದರೆ ಪಿತ್ತಕೋಶ ಮುದುಡಿಕೊಳ್ಳುತ್ತದೆ, ಏನೂ ಕಾಣುವುದಿಲ್ಲ, ಆರು ತಾಸು ಉಪವಾಸ ಇದ್ದು ಬನ್ನಿ” ಅಂತ ಹೊರಗೆ ಕಳಿಸಿದಳು. ಆರು ತಾಸು ಅದೇ ಸೆಂಟರಿನ ಮೆಟ್ಟಿಲ ಮೇಲೆ, ಎದುರಿನ ವಡಾಪಾವ್ ಗಾಡಿಯನ್ನು ನೋಡುತ್ತ ಕೂತರು. ಹಳೆಯ ರಿಪೋರ್ಟು ಇದೆಯಾ ಅಂತ ಡಾಕ್ಟರು ಕೇಳಿದಾಗ, ಅಂಗಿಯೊಳಗಿದ್ದ ಅದನ್ನು ಮೊಣಕೈಯಿಂದ ಒತ್ತಿಹಿಡಿದು, “ಇಲ್ರಿ, ಇದs ಮೊದಲು” ಅಂದರು. ಬಂದದ್ದು ಏಳು ಎಂಎಂ.

ಶುಕ್ರವಾರ ಠಾಣೆಯ ನೌಪಾಡಾಕ್ಕೆ ಹೋದರು. ಅಲ್ಲಿಯೂ ಇಲ್ರಿ, ಇದs ಮೊದಲು. ಎಂಟು ಎಂಎಂ.

ಮನೆಗೆ ಬಂದವರೇ ಗೋಡೆಯ ಕ್ಯಾಲೆಂಡರಿನ ಮುಂದೆ ಪೆನ್ಸಿಲು ಹಿಡಿದು ನಿಂತರು. ಸೋಮವಾರದ ಮೇಲೆ 6, ಬುಧವಾರದ ಮೇಲೆ 7, ಶುಕ್ರವಾರದ ಮೇಲೆ 8 ಬರೆದರು. ರವಿವಾರದ ಮೇಲೆ 9 ಬರೆದರು. ಮಂಗಳವಾರದ ಮೇಲೆ 10 ಬರೆದು, ಸುತ್ತಲೂ ಒಂದು ಗುಂಡು ಎಳೆದರು.

“ನೀಲಗಂಗಾ!” ಅಂತ ಕೂಗಿದ ಕೂಗಿಗೆ ಕೆಳಮಾಳಿಗೆಯ ನಾಯಿ ಬೊಗಳಿತು. “ಎರಡು ದಿನಕ್ಕ ಒಂದು ಎಂಎಂ ಬೆಳ್ಯಾಕತ್ತೈತಿ! ಮಂಗಳವಾರ ಹತ್ತು!”

ಮಗಳು ವೈಶಾಲಿ ಕಾಲೇಜಿನವಳು. ಅಪ್ಪ ಅಮ್ಮ ಏನು ಕನ್ನಡ ಆಡಿದರೂ ತಿಳಿಯುತ್ತದೆ, ಉತ್ತರ ಮಾತ್ರ ಬಾಂಬೆ ಹಿಂದಿಯಲ್ಲಿ. “ಪಪ್ಪಾ, ರಿಪೋರ್ಟ್ ಮೇ ಛೇ ಮಹೀನೇ ಬಾದ್ ಲಿಖಾ ಹೈ ನಾ?” ಅಂದಳು.

“ಆರು ತಿಂಗಳಿಗೆ ಎಷ್ಟಾಕೈತಿ ಗೊತ್ತೇನು ನಿನಗ? ತೊಂಬತ್ತೆಂಟು ಎಂಎಂ! ಅಂಥಾ ಸರಳು ನಮ್ಮ ಪ್ಯಾಟ್ಯಾಗs ಇಲ್ಲ!”

ಈ ಮಾತಿನಲ್ಲಿ ಭಯದ ಜೊತೆ ಚೂರು ಹೆಮ್ಮೆಯೂ ಬೆರೆತಿತ್ತು ಅಂತ ಹೇಳಿದರೆ ಅಪ್ಪಾಸಾಹೇಬರು ಒಪ್ಪಲಿಕ್ಕಿಲ್ಲ. ಆದರೆ ಬೆರೆತಿತ್ತು. ನಲವತ್ತಾರು ವರ್ಷ ಯಾರೂ ಅವರ ಹೊಟ್ಟೆಯ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ನೀಲಗಂಗಮ್ಮ ಕ್ಯಾಲೆಂಡರು ನೋಡಿದರು. ಗುಂಡು ಎಳೆದ ಮಂಗಳವಾರದ ಪಕ್ಕದ ಚೌಕದಲ್ಲಿ ಬುಧವಾರವಿತ್ತು. ಅಲ್ಲಿ ಅವರೇ ಹೋದ ತಿಂಗಳು ಅರಿಶಿನದಿಂದ ಇಟ್ಟ ಚುಕ್ಕೆಯಿತ್ತು.

“ಸಿಮ್ಲಾ?” ಅಂದರು, ಮೆಲ್ಲಗೆ.

“ಹೊಟ್ಯಾಗ ಸರಳು ಇಟಗೊಂಡು ಎಲ್ಲೀ ಸಿಮ್ಲಾ! ಬರೂ ವರ್ಷ ಹೋಗೂಣು.”

ನೀಲಗಂಗಮ್ಮ ಒಳಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಕ್ಯಾನ್ವಾಸ್ ಬೂಟಿನ ದಾರ ಬಿಚ್ಚಿದರು. ಗಂಡನ ಚಿಂತೆ ಅವರಿಗೂ ಇತ್ತು. ಆದರೆ ಅದರ ಜೊತೆಗೆ ಸಿಟ್ಟೂ ಬಂದಿತ್ತು. ಇಂಥ ಹೊತ್ತಿನಲ್ಲಿ ಹೆಂಡತಿಗೆ ಸಿಟ್ಟು ಬರಬಹುದೋ ಇಲ್ಲವೋ ತಿಳಿಯದೆ, ಅವರು ದಾರವನ್ನು ಮತ್ತೆ ಕಟ್ಟಿದರು.

ಶನಿವಾರ ಅಪ್ಪಾಸಾಹೇಬರು ವಾಶಿಯ ಟೂರ್ಸ್ ಆಫೀಸಿಗೆ ಹೊರಟರು. ಸೊಸೈಟಿಯ ಸೆಕ್ರೆಟರಿ ಕುಶಲ ಶೆಟ್ಟರು ತಮ್ಮ ವ್ಯಾನಿನಲ್ಲೇ ಕರೆದೊಯ್ದರು. ಮೂಡುಬಿದಿರೆಯ ಕಡೆಯವರು, ಯಾರಿಗೆ ಏನಾದರೂ ಆಯಿತೆಂದರೆ ಅವರಿಗೆ ಹತ್ತು ಆನೆಯ ಬಲ ಬರುತ್ತಿತ್ತು. ದಾರಿಯುದ್ದಕ್ಕೂ, “ನೀವು ಎಂತ ಹೆದರ್ಬೇಡಿ ಮಾರಾಯ್ರೆ, ನಮ್ಮ ಸೊಸೈಟಿ ಉಂಟು” ಅನ್ನುತ್ತಿದ್ದರು. ಹೊಟ್ಟೆಯೊಳಗೆ ಬೆಳೆಯುವುದಕ್ಕೂ ಸೊಸೈಟಿಗೂ ಏನು ಸಂಬಂಧ ಅಂತ ಇಬ್ಬರೂ ಯೋಚಿಸಲಿಲ್ಲ.

ಆಫೀಸಿನವನು, ಇಷ್ಟು ಹತ್ತಿರ ಬಂದ ಮೇಲೆ ಸೀಟು ರದ್ದು ಮಾಡಲಾಗುವುದಿಲ್ಲ, ಬೇಕಾದರೆ ಬೇರೆಯವರ ಹೆಸರಿಗೆ ಬದಲಿಸಬಹುದು ಅಂದ. ಅಪ್ಪಾಸಾಹೇಬರಿಗೆ ಕೂಡಲೇ ಹೊಳೆದದ್ದು ಪಕ್ಕದ ಮನೆಯ ಮುಕ್ತಾಬಾಯಿ. ರಿಟೈರಾದ ಮರಾಠಿ ಶಾಲೆಯ ಟೀಚರು, ಒಂಟಿ ಜೀವ, ನೀಲಗಂಗಮ್ಮನ ಜೊತೆ ಹಪ್ಪಳ ಹಾಕುವವರು. ಫೋನಿನಲ್ಲಿ ಕೇಳಿದ್ದೇ ತಡ, ಆಚೆ ಕಡೆಯಿಂದ “ಅಗಬಾಯಿ! ಮಲಾ? ನನಗೆ?” ಅಂತ ಒಂದು ಚೀರು. ಅಪ್ಪಾಸಾಹೇಬರು ತಮ್ಮ ಸೀಟಿನ ಫಾರಂ ಮೇಲೆ ಅಲ್ಲೇ ಸಹಿ ಹಾಕಿದರು. ಇನ್ನೊಂದು ಸೀಟನ್ನು ಮುಕ್ತಾಬಾಯಿಯ ತಂಗಿಗೆ ಕೊಡುವುದೆಂದಾಯಿತು. ಅದರ ಫಾರಂಗೆ ನೀಲಗಂಗಮ್ಮನ ಸಹಿಯೇ ಬೇಕು. ಮನೆಗೆ ತಂದು ಕೊಟ್ಟರು.

“ಇಡ್ರಿ, ಮಾಡ್ತೀನಿ” ಅಂದರು ನೀಲಗಂಗಮ್ಮ. ಅದನ್ನು ಹಿಟ್ಟಿನ ಡಬ್ಬದ ಕೆಳಗಿಟ್ಟರು.

ರವಿವಾರ ಮಾತಾಡಿಸಲು ಬರುವವರ ದಂಡು ಶುರುವಾಯಿತು. ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸುವುದು ಅಂದರೆ ಬಾಳೆಹಣ್ಣು ಅಥವಾ ಬ್ರೆಡ್ಡು ಹಿಡಿದು ಬಂದು, ಊಟ ಮಾಡಿ, ರೋಗಿ ಏನನ್ನು ತಿನ್ನಬಾರದು ಅಂತ ಹೇಳಿ ಹೋಗುವುದು. ಪಿತ್ತಕೋಶ ಅಂದ ಮೇಲೆ ಎಣ್ಣೆ ಬೇಡ ಅಂದರು ಒಬ್ಬರು. ತುಪ್ಪ ಬೇಡ ಅಂದರು ಇನ್ನೊಬ್ಬರು, ಶೇಂಗಾ ಹೋಳಿಗೆಗೆ ಅದನ್ನೇ ಹಾಕಿಕೊಳ್ಳುತ್ತ. ಹೀಗೆ ಬೇಡ ಬೇಡ ಅಂತ ಸಂಜೆಯ ಹೊತ್ತಿಗೆ ಅಪ್ಪಾಸಾಹೇಬರ ಪಾಲಿಗೆ ಗಂಜಿ ಮತ್ತು ಬಿಸಿನೀರು ಮಾತ್ರ ಉಳಿಯಿತು. ನೀಲಗಂಗಮ್ಮ ಬಂದವರಿಗೆಲ್ಲ ರೊಟ್ಟಿ ಬಡಿದು ಬಡಿದು, ಅಂಗೈ ಕೆಂಪಾಗಿತ್ತು.

ಮುಕ್ತಾಬಾಯಿ ಬಂದರು. ತಲೆಗೆ ಆಗಲೇ ಉಣ್ಣೆಯ ಮಂಕಿ ಕ್ಯಾಪು. ಹೊರಗೆ ಮೂವತ್ತೇಳು ಡಿಗ್ರಿ. ಅಳತೆ ಸರಿಯಾಗಿದೆಯೋ ನೋಡುತ್ತಿದ್ದೇನೆ ಅಂದರು. ಕೈಯಲ್ಲಿ ಒಂದು ಸೀಸೆ.

“ಘಾಬರೂ ನಕಾ, ಅಪ್ಪಾಸಾಹೇಬ. ಹೆದರಬೇಡಿ. ನಮ್ಮ ಭಾವೂಗೆ, ಅಣ್ಣನಿಗೆ, ಖಡಾ ಇತ್ತು, ಪಿತ್ತದ ಕಲ್ಲು. ಸೇಬಿನ ರಸ, ಆಲಿವ್ ಎಣ್ಣೆ, ಲಿಂಬೂ. ಒಂದೇ ಗುಟುಕು. ಸಗಳಂ ಸಾಫ್, ಎಲ್ಲಾ ಸ್ವಚ್ಛ!”

“ಕಲ್ಲಲ್ರೀ ಬಾಯಿ, ಇದು ಸರಳು” ಅಂದರು ಅಪ್ಪಾಸಾಹೇಬರು, ಸ್ವಲ್ಪ ಅಸಮಾಧಾನದಿಂದ. ಕಲ್ಲು ಯಾರಿಗಾದರೂ ಆಗುತ್ತದೆ. ಆದರೂ ಬಂದವರ ಮನಸ್ಸು ಮುರಿಯಬಾರದೆಂದು ಕುಡಿದರು. ಆಮೇಲೆ ಎರಡು ತಾಸು ಅವರು ಯಾರಿಗೂ ಕಾಣಿಸಲಿಲ್ಲ.

ಈ ಸರಳಿನ ಮಾತೇ ಪೇಟೆಯಲ್ಲಿ ಹಬ್ಬಿದ್ದು. ಸೈದಪ್ಪ ಊರಿಗೆ ಫೋನು ಮಾಡಿ, “ಅಪ್ಪಾಸಾಬ್ರ ಹೊಟ್ಯಾಗ ಸರಳು ಬೆಳ್ಯಾಕತ್ತೈತಿ, ದಿನಾ ಅರ್ಧ ಎಂಎಂ” ಅಂದಿದ್ದ. ಊರಿನವರು, ಕಬ್ಬಿಣದ ಧೂಳು ಕುಡಿದೂ ಕುಡಿದೂ ಹೊಟ್ಟೆಯಲ್ಲಿ ಗಟ್ಟಿಯಾಗಿದೆ, ಮುಂಬೈಯ ಕೆಲಸವೇ ಹಾಗೆ, ಅಂತ ತೀರ್ಮಾನ ಮಾಡಿ, ಇಬ್ಬರು ಹುಡುಗರ ನೌಕರಿ ಬಿಡಿಸಿ ಕರೆಸಿಕೊಂಡರು. ಕುಶಲ ಶೆಟ್ಟರು ನೋಟಿಸ್ ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಬರೆದು ಹಾಕಿದರು: ಮೂರನೇ ಮಾಳಿಗೆಯ ಶ್ರೀ ಬಿರಾದಾರ ಅವರಿಗೆ ಮಂಗಳವಾರ ಹತ್ತು ಎಂಎಂ ಆಗಲಿದೆ, ರಕ್ತ ಕೊಡುವವರು ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಸೇರಬೇಕು, ನೀರು ಬೆಳಿಗ್ಗೆ ಏಳರವರೆಗೆ ಮಾತ್ರ.

ಮಂಗಳವಾರ ಬಂತು. ಅಪ್ಪಾಸಾಹೇಬರು ಮೂರು ಸಲ ಕಲಿತ ಪಾಠದಂತೆ ನೀರೂ ಮುಟ್ಟದೆ, ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದರು. ಚೀಲದಲ್ಲಿ ತಾಟು, ತಂಬಿಗೆ, ಎರಡು ಟವೆಲು, ಹೊದಿಕೆ. ಗೇಟಿನಲ್ಲಿ ರಕ್ತ ಕೊಡುವವರು ಏಳು ಜನ ತೋಳು ಮಡಚಿ ನಿಂತಿದ್ದರು. ಶೆಟ್ಟರ ವ್ಯಾನು ಸಾಲದೆ ಸೈದಪ್ಪ ಪೇಟೆಯಿಂದ ಒಂದು ಟೆಂಪೋ ತಂದಿದ್ದ. ಹಿಂದೆ ಎಳನೀರಿನ ಗೊನೆ. ಮುಕ್ತಾಬಾಯಿಯೂ ಹತ್ತಿದರು, ಸೀಟು ಕೊಟ್ಟವರ ಆಪರೇಷನ್ನಿಗೆ ಹೋಗದಿದ್ದರೆ ಹೇಗೆ? ಹೀಗೆ ಹದಿಮೂರು ಜನರ ಮೆರವಣಿಗೆ ನೌಪಾಡಾದ ಡಾಕ್ಟರ್ ವೇದಾವತಿಯವರ ಸಣ್ಣ ಕ್ಲಿನಿಕ್ಕಿನ ಮುಂದೆ ಇಳಿಯಿತು.

ವೇದಾವತಿ ಮೈಸೂರಿನವರು, ಸರ್ಜನ್, ಕನ್ನಡದ ರೋಗಿಗಳೆಲ್ಲ ಅವರಲ್ಲಿಗೇ ಹೋಗುವುದು. ಅಪ್ಪಾಸಾಹೇಬರು ಒಳಗೆ ಹೋದವರೇ, ಕೇಳುವ ಮೊದಲೇ ಬೆಂಚಿನ ಮೇಲೆ ಮಲಗಿ ಅಂಗಿ ಎತ್ತಿದರು.

“ತಗೀರಿ ಅಕ್ಕಾವ್ರ.”

“ಎದ್ದು ಕೂತ್ಕೊಳ್ಳಿ” ಅಂದರು ಡಾಕ್ಟರು. “ನೋವಿದ್ಯಾ?”

“ಇಲ್ರಿ.”

“ಜ್ವರ, ವಾಂತಿ, ಕಣ್ಣು ಹಳದಿ ಆಗೋದು?”

“ಇಲ್ರಿ.”

“ಊಟ ಆದ್ಮೇಲೆ ಬಲಗಡೆ ಹಿಡಿದ ಹಾಗಾಗುತ್ತಾ?”

“ಊಟಾನs ಇಲ್ರಿ, ಎರಡು ದಿನ ಆತು.”

“ಯಾಕೆ?”

ಅಪ್ಪಾಸಾಹೇಬರು ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲಲ್ಲಿ ಒಂದರ ಮೇಲೊಂದು ಐದು ತಲೆ. ಆಮೇಲೆ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಿಯಮ ಮುರಿದು, ಮೂರು ರಿಪೋರ್ಟುಗಳನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು, ದಿನಕ್ಕೆ ಅರ್ಧ ಎಂಎಂ ಬೆಳೆಯುವ ಕಥೆಯನ್ನು ಕ್ಯಾಲೆಂಡರಿನ ಹಾಳೆ ಸಮೇತ ವಿವರಿಸಿದರು. ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸದೆ ಎಷ್ಟು ಹುಷಾರಿಯಿಂದ ಮಾಡಿದೆ, ಲಾರಿಯನ್ನು ಕಾಂಟಾಕ್ಕೆ ಹಾಕುವ ಪದ್ಧತಿಯೇ ಹಾಗೆ, ಅನ್ನುವುದನ್ನೂ, ಸೇಬಿನ ರಸ ಎಣ್ಣೆ ಕುಡಿದದ್ದನ್ನೂ ಹೇಳಿದರು.

ವೇದಾವತಿ ಮೂರೂ ಫಿಲಮ್ಮುಗಳನ್ನು ಬೆಳಕಿಗೆ ಹಿಡಿದು, ಅವಸರವಿಲ್ಲದೆ ನೋಡಿದರು.

“ಒಂದು ಮಾತು ಹೇಳಿ. ಒಂದೇ ಲಾರಿ ಮೂರು ಕಾಂಟಾಕ್ಕೆ ಹೋದ್ರೆ ಮೂರರಲ್ಲೂ ಒಂದೇ ತೂಕ ಬರುತ್ತಾ?”

“ಎಲ್ಲಿ ಬರತೈತ್ರೀ!” ಅಪ್ಪಾಸಾಹೇಬರಿಗೆ ನಗು ಬಂತು. “ಹತ್ತು ಇಪ್ಪತ್ತು ಕಿಲೋ ಹಿಂದ ಮುಂದ ಆಗೇ ಆಕೈತಿ. ಕಾಂಟಾ ಬ್ಯಾರೆ, ನೋಡಾವ ಬ್ಯಾರೆ, ಲಾರಿ ನಿಂತ ಜಾಗಾ ಬ್ಯಾರೆ.”

“ಆಗ ನೀವು ಕಬ್ಬಿಣ ದಾರೀಲಿ ಬೆಳೀತು ಅಂತೀರಾ?”

ಬಾಗಿಲಲ್ಲಿದ್ದ ಸೈದಪ್ಪ ಹಣೆ ಹಣೆ ಬಡಿದುಕೊಂಡ. ಅಪ್ಪಾಸಾಹೇಬರು ಅಂಗಿಯ ಗುಂಡಿ ಹಾಕಿಕೊಂಡರು.

“ಮೂರು ಮೆಷೀನು, ಮೂರು ಕೈ. ಒಂದೆರಡು ಎಂಎಂ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಒಂದೇ ಇದೆ, ಕಲ್ಲಿಲ್ಲ, ಗೋಡೆ ದಪ್ಪ ಆಗಿಲ್ಲ, ನೋವಿಲ್ಲ. ಇಂಥವು ಬಹಳ ಸಲ ಗೋಡೆಗೆ ಅಂಟಿದ ಕೊಬ್ಬಿನ ಕಣ. ಸುಮ್ನೆ ಇರುತ್ತೆ. ಆರು ತಿಂಗಳು ಬಿಟ್ಟು ಸ್ಕ್ಯಾನ್ ಮಾಡ್ಸಿ. ಒಂದೇ ಸೆಂಟರಿನಲ್ಲಿ, ಹಳೇ ರಿಪೋರ್ಟ್ ತೋರ್ಸಿ! ನಿಜವಾಗ್ಲೂ ಬೆಳೀತಾ ಹೋದ್ರೆ, ಹತ್ತು ಮುಟ್ಟಿದ್ರೆ, ಇಲ್ಲ ನೋವು ಬಂದ್ರೆ ಆಗ ತೆಗೆಯೋಣ. ಈಗ ಹೋಗಿ ಹೊಟ್ಟೆ ತುಂಬ ಊಟ ಮಾಡಿ. ಆ ಸೇಬಿನ ರಸ ಎಣ್ಣೆ ಎಲ್ಲ ಮುಟ್ಟಬೇಡಿ.”

“ಹಾಗಾದ್ರೆ ರಕ್ತ ಬೇಡ್ವಾ?” ಅಂತ ಬಾಗಿಲಿಂದ ಕುಶಲ ಶೆಟ್ಟರು ಕೇಳಿದರು. ಅವರ ದನಿಯಲ್ಲಿದ್ದ ನಿರಾಸೆಗೆ ಡಾಕ್ಟರೇ ಮರುಗಿ, ಬ್ಲಡ್ ಬ್ಯಾಂಕಿನ ವಿಳಾಸ ಬರೆದುಕೊಟ್ಟರು.

ಅಪ್ಪಾಸಾಹೇಬರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೊರಗೆ ಬಂದು ಸೈದಪ್ಪನನ್ನು ಅಪ್ಪಿಕೊಂಡರು, ಟೆಂಪೋದವನನ್ನು ಅಪ್ಪಿಕೊಂಡರು, ಒಂದೇ ಉಸಿರಿಗೆ ಎರಡು ಎಳನೀರು ಕುಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಎರಡೂ ಕೈ ಎತ್ತಿ ಕೂಗಿದರು.

“ನೀಲಗಂಗಾ, ಬ್ಯಾಗ್ ಕಟ್ಟು! ನಾಳೆ ಸಿಮ್ಲಾ!”

ಎಲ್ಲರ ಕಣ್ಣು ಮುಕ್ತಾಬಾಯಿಯ ಮೇಲೆ ಬಿತ್ತು. ಮುಕ್ತಾಬಾಯಿ ಮಂಕಿ ಕ್ಯಾಪನ್ನು ಎರಡು ಕೈಯಲ್ಲೂ ಹಿಡಿದಿದ್ದರು. ಶೆಟ್ಟರು ಆಗಲೇ ಟೂರ್ಸಿಗೆ ಫೋನು ಹಚ್ಚಿದ್ದರು. ಹೊಸ ಸೀಟು ಒಂದೂ ಇಲ್ಲ, ಹೆಸರು ಬದಲಿಸುವುದಾದರೆ ಇವತ್ತು ಐದು ಗಂಟೆಯೊಳಗೆ ಅಂತ ಉತ್ತರ ಬಂತು.

“ಮುಕ್ತಾಬಾಯಿ ಸೀಟು ವಾಪಸ್ ಕೊಟ್ರೆ ಆಯ್ತಲ್ಲ, ಅದ್ರಲ್ಲಿ ಎಂತ ಉಂಟು?” ಅಂದರು ಶೆಟ್ಟರು.

“ಹೋ, ಹೋ, ದೇತೇ ಕೀ. ಕೊಡ್ತೀನಿ” ಅಂದರು ಮುಕ್ತಾಬಾಯಿ. ನಕ್ಕರು. ಆ ನಗು ಅವರ ಮುಖಕ್ಕೆ ಸರಿಯಾಗಿ ಕೂರಲಿಲ್ಲ. ಅರವತ್ತು ವರ್ಷದಲ್ಲಿ ಪುಣೆ ದಾಟದ ಹೆಂಗಸು, ಹಿಂದಿನ ದಿನವಷ್ಟೇ ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ ಹೇಳಿದ್ದರು.

ನೀಲಗಂಗಮ್ಮ ಬೂಟು ಟಪಟಪ ಅನ್ನಿಸುತ್ತ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಡಾಕ್ಟರ ಬಾಗಿಲಲ್ಲಿ ನಿಂತರು. ಹಿಂದೆಯೇ ಹನ್ನೆರಡು ಜನ.

“ಅಕ್ಕಾವ್ರ, ಒಂದ ಮಾತು. ಆರು ತಿಂಗಳು ಇವರಿಗೆ ಏನೂ ಮಾಡೂದಿಲ್ಲಲಾ?”

“ಏನೂ ಇಲ್ಲಮ್ಮ. ಬರೀ ಕಾಯೋದು.”

“ಗುಳಗಿ, ಪಥ್ಯ?”

“ಏನೂ ಬೇಡ.”

“ಬರೀ ಕಾಯೂದಾದ್ರ ಇವರು ಒಬ್ರs ಕಾಯ್ತಾರ” ಅಂದರು ನೀಲಗಂಗಮ್ಮ. ಗಂಡನ ಕಡೆ ತಿರುಗಿದರು. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಇಪ್ಪತ್ತೆರಡು ವರ್ಷ ನಾ ಕಾದೀನಿ, ಹತ್ತು ದಿನ ನೀವು ಕಾಯ್ರಿ. ಕೊಟ್ಟ ಸೀಟು ಹೊಳ್ಳಿ ತಗೋಬಾರ್ದು. ಮುಕ್ತಾಬಾಯಿ ನನ್ನ ಜೋಡಿ ಬರ್ತಾರ. ನನ್ನ ಫಾರಂ ಹಿಟ್ಟಿನ ಡಬ್ಬಿ ಕೆಳಗ ಹಂಗs ಐತಿ, ನಾ ಸಹಿ ಮಾಡಿಲ್ಲ.”

ಅಪ್ಪಾಸಾಹೇಬರು ಸುತ್ತ ನೋಡಿದರು. ರಕ್ತ ಕೊಡಲು ಬಂದ ಏಳು ಜನರಲ್ಲಿ ಒಬ್ಬನೂ ಅವರ ಪರವಾಗಿ ಬಾಯಿ ಬಿಡಲಿಲ್ಲ. ಸೈದಪ್ಪ ಮೇಲೆ ಫ್ಯಾನು ನೋಡುತ್ತಿದ್ದ. ವೈಶಾಲಿ ಒಬ್ಬಳೇ, “ಮಮ್ಮೀ, ಝಕಾಸ್!” ಅಂತ ಚಪ್ಪಾಳೆ ತಟ್ಟಿದಳು.

“ಆತು, ಹೋಗಿ ಬಾ” ಅಂದರು ಅಪ್ಪಾಸಾಹೇಬರು. ಆ ಎರಡು ಮಾತು ಹೊರಗೆ ಬರಲು ಅವರು ಪಟ್ಟ ಕಷ್ಟಕ್ಕೆ ಹೋಲಿಸಿದರೆ ಆಪರೇಷನ್ನೇ ಹಗುರವಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ಟೂರ್ಸಿನವನು ಹಳದಿ ಬಾವುಟ ಹಿಡಿದು ಜನ ಎಣಿಸುತ್ತಿದ್ದ. ನೀಲಗಂಗಮ್ಮ ಆ ಸೆಖೆಯಲ್ಲೇ ಸ್ವೆಟರು ಹಾಕಿ ಬೆವರುತ್ತ, ಕಿಟಕಿಯಲ್ಲಿ ಕೂತಿದ್ದರು. ಅಪ್ಪಾಸಾಹೇಬರು ಕಂಬಿ ಹಿಡಿದು, ನೀರು ಜೋಪಾನ, ಚಪ್ಪಲಿ ಜೋಪಾನ, ಮೇಲಿನ ಬರ್ತಿಗೆ ಹತ್ತಬೇಡ, ಅಂತ ಹೇಳಿದ್ದನ್ನೇ ಹೇಳುತ್ತಿದ್ದರು. ರೈಲು ಅಲುಗಾಡಿತು. ಜೊತೆಗೇ ನಾಲ್ಕು ಹೆಜ್ಜೆ ಓಡಿದರು. ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯನ್ನು ಒಂಟಿಯಾಗಿ ತವರಿಗಲ್ಲದೆ ಬೇರೆಲ್ಲಿಗೂ ಕಳಿಸಿದವರಲ್ಲ. ಮೂಗು ಒರೆಸಿಕೊಂಡರು. ಈ ಸಲ ಯಾರಿಗೂ ಧೂಳು ಅನ್ನಲಿಲ್ಲ.

ಆರನೆಯ ದಿನ ಮಧ್ಯಾಹ್ನ ಕಳಂಬೋಲಿಯಲ್ಲಿ ನೆಲದ ಮೇಲೆ ಕಾಲಿಡುವಂತಿರಲಿಲ್ಲ. ಅಪ್ಪಾಸಾಹೇಬರು ಹದಿನಾರು ಎಂಎಂ ಸರಳುಗಳ ಲಾರಿ ಇಳಿಸಿಕೊಳ್ಳುತ್ತಿದ್ದರು. ಫೋನು ಬಡಿಯಿತು. ಗೊತ್ತಿಲ್ಲದ ನಂಬರು, ಟೂರ್ಸಿನವನದು.

“ರೀ!” ನೀಲಗಂಗಮ್ಮನ ಕೂಗು. ಗಾಳಿಯ ಸದ್ದು. ಹಿಂದೆ ಎಲ್ಲೋ ಮುಕ್ತಾಬಾಯಿ ಮರಾಠಿಯಲ್ಲಿ ಕಿರುಚುತ್ತಿದ್ದರು. “ರೀ, ಎಲ್ಲಾ ಕಡೆ ಐತಿ! ಎಲ್ಲಾ ಕಡೆ! ಕಾಲು ಹೂತು ಹೋಗ್ತಾವ! ನೀವು…”

ಮುಂದಿನದು ಮಾತಾಗಲಿಲ್ಲ. ನಗು ಬಂತು. ತಡೆಯಿಲ್ಲದ, ಬಾಯಿ ಮುಚ್ಚಿಕೊಳ್ಳದ ನಗು. ಅದು ತಮ್ಮ ಹೆಂಡತಿಯದೇ ಅಂತ ಗುರುತು ಹಿಡಿಯಲು ಅಪ್ಪಾಸಾಹೇಬರಿಗೆ ಒಂದು ಗಳಿಗೆ ಬೇಕಾಯಿತು. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ಇವರು ಕೇಳಿರಲಿಲ್ಲ. ನಗುತ್ತಲೇ ಲೈನು ಕಡಿದುಹೋಯಿತು.

ಅಪ್ಪಾಸಾಹೇಬರು ಫೋನನ್ನು ಕಿವಿಯಿಂದ ಇಳಿಸದೆ, ಬಿಸಿಲಿನಲ್ಲಿ ನಿಂತೇ ಇದ್ದರು. ಲಾರಿಯವನು ಹಾರ್ನು ಹೊಡೆದ. ಕಾಂಟಾದಿಂದ ಸೈದಪ್ಪ ಓಡಿ ಬಂದ.

“ವೈನಿ ಅವರೇನ್ರೀ? ಏನಂದ್ರು? ನಿಮ್ಮ ಹೊಟ್ಟಿದು ಕೇಳಿದ್ರೇನು?”

“ಇಲ್ಲೋ ಸೈದಪ್ಪಾ” ಅಂದರು ಅಪ್ಪಾಸಾಹೇಬರು. ಕಣ್ಣು ಒರೆಸಿಕೊಂಡರು, ಮುಖದ ತುಂಬ ನಕ್ಕರು. “ಕೇಳಾಕ ಅಕಿಗೆ ಎಲ್ಲಿ ಪುರಸೊತ್ತೈತಿ? ಆಡಾಕತ್ತಾಳ.”